ಪ್ರಮಾಣವಾಕ್ಯಗಳ ಸಂಕೇತಾಕ್ಷರಗಳು

ಭಾಗವತ ಸಪ್ತಾಹ, ಗೀತಾಪ್ರವಚನಗಳಲ್ಲಿ ಕೇಳಿದ ಪ್ರಮಾಣವಾಕ್ಯಗಳನ್ನು ಬರೆದಿಟ್ಟುಕೊಂಡು, ಮನೆಯಲ್ಲಿ ಗ್ರಂಥವನ್ನು ತೆರೆದು ನೋಡಬೇಕೆಂಬ ಆಸ್ತಿಕರು ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಉಂಟು. ಶ್ಲೋಕದ ಮುಂದಿನ ಎರಡಕ್ಷರ, ಮೂರಂಕಿಗಳ ಅರ್ಥ ತಿಳಿಯದಿದ್ದರೆ ಆ ಜಿಜ್ಞಾಸೆ ಅಲ್ಲಿಯೇ ನಿಲ್ಲುತ್ತದೆ.

‘ಭಾ. ೮-೩-೨’ ಎಂದಿದೆಯೆನ್ನೋಣ. ಭಾಗವತವಾದರೆ ಎಂಟನೆಯ ಸ್ಕಂಧ, ಮೂರನೆಯ ಅಧ್ಯಾಯ, ಎರಡನೆಯ ಶ್ಲೋಕ. ಗಜೇಂದ್ರನ ಸ್ತುತಿಯ ಆರಂಭ. ಭಾರತವೆಂದು ಭಾವಿಸಿದವರು ಕರ್ಣಪರ್ವವನ್ನು ತೆರೆದು ಗಜೇಂದ್ರನನ್ನು ಹುಡುಕಿಯಾರು! ಆದುದರಿಂದ ‘ಭಾಗ.’, ‘ಮ.ಭಾ.’ ಎಂದು ಬಿಡಿಸಿ ಬರೆಯುವುದೇ ಲೇಸೆಂದು ನಮ್ಮ ಮತ. ‘ಗೀ.ಭಾ.’ ಎಂಬಲ್ಲಿ ‘ಭಾ.’ ಎಂದರೆ ಭಾಷ್ಯ. ಶ್ರೀಮದಾಚಾರ್ಯರು ಗೀತೆಗೆ ಭಾಷ್ಯ, ತಾತ್ಪರ್ಯ ಎಂದು ಎರಡು ಗ್ರಂಥಗಳನ್ನು ಅನುಗ್ರಹಿಸಿರುವುದರಿಂದ, ‘ಗೀ.ತಾ.’ ಎಂಬುದನ್ನು ಬೇರೆಯೆಂದೇ ಅರಿಯಬೇಕು. ‘ಮ.ಭಾ.ತಾ.ನಿ.’ ಎಂದರೆ ಮೂಲಭಾರತವಲ್ಲ, ೩೨ ಅಧ್ಯಾಯಗಳ ತಾತ್ಪರ್ಯನಿರ್ಣಯ. ಅಲ್ಲಿ ಪರ್ವವಿಭಾಗವಿಲ್ಲವಾದುದರಿಂದ ಅಧ್ಯಾಯ, ಶ್ಲೋಕ ಎಂದು ಎರಡೇ ಅಂಕಿ. ‘ಬ್ರ.ಸೂ.’ದಲ್ಲಿ ಅಧ್ಯಾಯ, ಪಾದ, ಸೂತ್ರ.

ಋಗ್ವೇದದಲ್ಲಿ ಮಾತ್ರ ಎಚ್ಚರಬೇಕು. ಪುರುಷಸೂಕ್ತವನ್ನು ಒಂದು ಪುಸ್ತಕ ‘೧೦-೯೦’ ಎಂದೂ, ಇನ್ನೊಂದು ‘೮-೪-೧೭’ ಎಂದೂ ಸೂಚಿಸಬಹುದು. ಎರಡೂ ಸರಿಯೇ. ಮೊದಲಿನದು ಮಂಡಲ, ಸೂಕ್ತಗಳ ಕ್ರಮ. ಎರಡನೆಯದು ವೈದಿಕರು ಅಧ್ಯಯನದಲ್ಲಿ ಅನುಸರಿಸುವ ಅಷ್ಟಕ, ಅಧ್ಯಾಯ, ವರ್ಗಗಳ ಕ್ರಮ. ಆ ಸೂಕ್ತ ಆರಂಭವಾಗುವುದು ೧೭ನೆಯ ವರ್ಗದಲ್ಲಿ.

ನಮ್ಮ ನೆರೆಯ ಮಾನವಿಯ ಶ್ರೀ ಜಗನ್ನಾಥದಾಸರ ಹರಿಕಥಾಮೃತಸಾರಕ್ಕೆ ‘ಹ.ಸಾ.’ ಎಂದು ಬರೆದು ಸಂಧಿ, ಪದ್ಯಗಳ ಸಂಖ್ಯೆ ಕೊಡುವರು. ಮುದ್ರಣಗಳಲ್ಲಿ ಸಂಧಿಗಳ ಕ್ರಮ ಅಲ್ಲಲ್ಲಿ ಬೇರೆಯಾಗುವುದರಿಂದ ಸಂಧಿಯ ಹೆಸರನ್ನೂ ಬರೆದುಕೊಳ್ಳುವುದು ಉತ್ತಮ.