ರೈಸ್ ಮೇಲೋ, ಮಾಸ್ ಮೇಲೋ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯನಿಗೂ ಮೊಮ್ಮಗನಿಗೂ ಅಲ್ಲಿನ ಫುಟ್‌ಬಾಲ್‌ನ ವೈಡ್ ರಿಸೀವರ್‌ಗಳ ಬಗ್ಗೆ ದಿನವೂ ವಾದ. ಅಳಿಯ ಜೆರ್ರಿ ರೈಸ್ ಪಕ್ಷ, ಮೊಮ್ಮಗ ರ‍್ಯಾಂಡಿ ಮಾಸ್ ಪಕ್ಷ. ಸಾರ್ವಕಾಲಿಕ ಶ್ರೇಷ್ಠ ಯಾರು? ಅಂಕಿಅಂಶ ನೋಡಿದರೆ ತೀರ್ಮಾನ ಆಗುವುದಿಲ್ಲವೇ?

ಉತ್ತರ: ನನ್ನ ಮತ ನಿಮ್ಮ ಅಳಿಯನಿಗೆ. ಆದರೆ ಬರೀ ಅಂಕಿಅಂಶದಿಂದ ಇದು ಇತ್ಯರ್ಥವಾಗದು, ಏಕೆಂದರೆ ಆಟವೇ ಕಾಲದಿಂದ ಕಾಲಕ್ಕೆ ಬದಲಾಗಿದೆ.

ವೈಡ್ ರಿಸೀವರ್ ಮೈದಾನದ ಅಂಚಿನ ಕಡೆ ನಿಲ್ಲುತ್ತಾನೆ. ಆಟ ಶುರುವಾದೊಡನೆ ಮೊದಲೇ ಗೊತ್ತುಮಾಡಿಕೊಂಡ ದಾರಿಯಲ್ಲಿ ಓಡಿ ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯುತ್ತಾನೆ. ತಡೆಯುವವರಿಗೆ ಅವನನ್ನು ದಾರಿಯಲ್ಲಿ ತಳ್ಳಿ ನಿಧಾನಗೊಳಿಸಲು ಹಿಂದೆ ಸಾಕಷ್ಟು ಸ್ವಾತಂತ್ರ್ಯವಿತ್ತು. 1978ರಲ್ಲಿ ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ನಿಯಮ ಬಿಗಿಮಾಡಿ, ಮೊದಲ ಐದು ಗಜ ದಾಟಿದ ಮೇಲೆ ಹಾಗೆ ಮಾಡುವಂತಿಲ್ಲ ಎಂದಿತು. ಅದೇ ವರ್ಷ ಋತುವಿನ ಪಂದ್ಯಗಳು 14ರಿಂದ 16ಕ್ಕೆ ಏರಿದವು, 2021ರಿಂದ 17. ಚೆಂಡು ಹಿಡಿದು ಇಂದಿನವರು ಗಳಿಸುವ ಗಜಗಳನ್ನು ಹಳಬರ ಗಜಗಳ ಪಕ್ಕ ಹಾಗೇ ಇಟ್ಟರೆ ಹಳಬರಿಗೆ ಅನ್ಯಾಯ. ಆದ್ದರಿಂದ ನಾನು ಮುಖ್ಯವಾಗಿ ನೋಡುವುದು, ಆಟಗಾರ ತನ್ನ ಕಾಲದವರಿಗಿಂತ ಎಷ್ಟು ಮುಂದಿದ್ದ ಎಂಬುದನ್ನು.

ಹಾಗೆ ನೋಡಿದರೆ ನಿಮ್ಮ ಮನೆಯ ವಾದದಲ್ಲಿ ಬಾರದ ಒಂದು ಹೆಸರು ಮೇಲೆ ಬರುತ್ತದೆ: ಡಾನ್ ಹಟ್ಸನ್. 1935ರಿಂದ 1945ರವರೆಗೆ ಗ್ರೀನ್ ಬೇ ಪ್ಯಾಕರ್ಸ್‌ಗೆ ಆಡಿದವರು. 1942ರ ಋತುವಿನಲ್ಲಿ ಅವರು ಹಿಡಿದ ಪಾಸ್‌ಗಳು 74. ಎರಡನೆಯ ಸ್ಥಾನದವರದು 27. ಕ್ರಿಕೆಟ್‌ನಲ್ಲಿ ಬ್ರಾಡ್ಮನ್‌ಗೂ ಉಳಿದವರಿಗೂ ಇದ್ದಂಥ ಅಂತರ ಇದು. ಅವರ 99 ಟಚ್‌ಡೌನ್‌ಗಳ (ಚೆಂಡಿನೊಂದಿಗೆ ಎದುರಾಳಿಯ ಗೋಲು ಗೆರೆ ಮುಟ್ಟಿ ಅಂಕ ಗಳಿಸುವುದು) ದಾಖಲೆಯನ್ನು ಸ್ಟೀವ್ ಲಾರ್ಜೆಂಟ್ ಮುರಿದದ್ದು 1989ರಲ್ಲಿ. ಹಟ್ಸನ್ ರಕ್ಷಣೆಯಲ್ಲೂ ಆಡುತ್ತಿದ್ದರು, ಒದೆತದಿಂದಲೂ ಅಂಕ ಗಳಿಸುತ್ತಿದ್ದರು. ಆದರೂ ಅವರನ್ನು ಮೊದಲ ಸ್ಥಾನದಲ್ಲಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಯುದ್ಧಕ್ಕೆ ಹೊರಟು ಹಲವು ಆಟಗಾರರು ತಂಡ ಬಿಟ್ಟಿದ್ದ ಕಾಲ ಅದು. ಅದಕ್ಕಿಂತ ದೊಡ್ಡ ಕಾರಣ, 1934ರಿಂದ 1945ರವರೆಗೆ ಎನ್‌ಎಫ್‌ಎಲ್‌ನಲ್ಲಿ ಒಬ್ಬ ಕಪ್ಪು ಆಟಗಾರನಿಗೂ ಜಾಗ ಇರಲಿಲ್ಲ. ಯಾರನ್ನು ಹೊರಗಿಟ್ಟರೋ ಅವರನ್ನು ಹಟ್ಸನ್ ಎದುರಿಸಲೇ ಇಲ್ಲ.

ಮಾಸ್ ಬಗ್ಗೆ ನಿಮ್ಮ ಮೊಮ್ಮಗ ಹೇಳುವುದರಲ್ಲಿ ಹುರುಳಿದೆ. ಆರು ಅಡಿ ನಾಲ್ಕು ಅಂಗುಲ ಎತ್ತರ, ಜೊತೆಗೆ ಆ ಓಟ. 1998ರಲ್ಲಿ ಮಿನೆಸೋಟ ವೈಕಿಂಗ್ಸ್ ಪರ ಮೊದಲ ಋತುವಿನಲ್ಲೇ 17 ಟಚ್‌ಡೌನ್ ಹಿಡಿದರು. ಮರುವರ್ಷ ಎದುರಾಳಿ ಗ್ರೀನ್ ಬೇ ತಂಡ ಹೊಸಬರ ಆಯ್ಕೆಯಲ್ಲಿ ತನ್ನ ಮೊದಲ ಮೂರು ಸರದಿಗಳನ್ನೂ ಪಾಸ್ ತಡೆಯುವ ಆಟಗಾರರಿಗೇ ಮೀಸಲಿಟ್ಟಿತು. 2007ರಲ್ಲಿ ನ್ಯೂ ಇಂಗ್ಲೆಂಡ್ ಪರ ಅವರು ಹಿಡಿದ 23 ಟಚ್‌ಡೌನ್ ಒಂದು ಋತುವಿನ ದಾಖಲೆ. ಆದರೆ ಅದು 16 ಪಂದ್ಯಗಳಲ್ಲಿ. ಮುಷ್ಕರದಿಂದ ಮೊಟಕಾದ 1987ರ ಋತುವಿನಲ್ಲಿ ರೈಸ್ ಬರೀ 12 ಪಂದ್ಯ ಆಡಿ 22 ಹಿಡಿದಿದ್ದರು.

ರೈಸ್ ಮಿಸಿಸಿಪ್ಪಿಯ ಇಟ್ಟಿಗೆ ಕೆಲಸಗಾರನ ಮಗ. ಓದಿದ್ದು ಒಂದು ಸಣ್ಣ ಕಾಲೇಜು. 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಅವರನ್ನು 16ನೆಯವರಾಗಿ ಆರಿಸಿತು. ಅದಕ್ಕೂ ಮುಂಚೆ ಬೇರೆ ತಂಡಗಳು ಇಬ್ಬರು ರಿಸೀವರ್‌ಗಳನ್ನು ಆರಿಸಿಕೊಂಡಿದ್ದವು. ಇಪ್ಪತ್ತು ಋತುಗಳಲ್ಲಿ ಅವರು ಗಳಿಸಿದ್ದು 22,895 ಗಜ. ಎರಡನೆಯ ಸ್ಥಾನದ ಲ್ಯಾರಿ ಫಿಟ್ಜೆರಾಲ್ಡ್‌ ಅವರದು 17,492. ಫಿಟ್ಜೆರಾಲ್ಡ್ ಇನ್ನೂ ಐದು ವರ್ಷ ಆಡಿ, ವರ್ಷಕ್ಕೆ ಸಾವಿರ ಗಜ ಸೇರಿಸಿದ್ದರೂ ರೈಸ್‌ರನ್ನು ಮುಟ್ಟುತ್ತಿರಲಿಲ್ಲ.

ಚೆಂಡೆಸೆಯಲು ಜೋ ಮೊಂಟಾನಾ, ಸ್ಟೀವ್ ಯಂಗ್ ಇದ್ದರಲ್ಲ ಎಂದು ಮೊಮ್ಮಗ ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಓಕ್ಲೆಂಡ್‌ನಲ್ಲಿದೆ. ಅವರಿಬ್ಬರೂ ಇಲ್ಲದ ಆ ತಂಡದಲ್ಲಿ, 2002ರಲ್ಲಿ, ನಲವತ್ತು ತುಂಬಿದ ಋತುವಿನಲ್ಲಿ ರೈಸ್ 1,211 ಗಜ ಗಳಿಸಿದರು. ಅದೇ ಓಕ್ಲೆಂಡ್‌ಗೆ 2006ರಲ್ಲಿ ಆಡಿದ ಮಾಸ್, 29ರ ವಯಸ್ಸಿನಲ್ಲಿ, ಗಳಿಸಿದ್ದು 553. ಆ ಹೊತ್ತಿಗೆ ತಂಡ ಕುಸಿದಿತ್ತು, ನಿಜ. ಅದನ್ನು ಲೆಕ್ಕಕ್ಕೆ ಹಿಡಿದರೂ ಈ ಅಂತರ ದೊಡ್ಡದೇ.

2012ರಲ್ಲಿ 1,964 ಗಜ ಗಳಿಸಿದ ಕ್ಯಾಲ್ವಿನ್ ಜಾನ್ಸನ್ ಮೂವತ್ತಕ್ಕೇ ನಿವೃತ್ತರಾದರು. ಇಲ್ಲದಿದ್ದರೆ ಈ ಚರ್ಚೆಗೆ ಇನ್ನೊಂದು ಹೆಸರು ಸೇರುತ್ತಿತ್ತು. ಈಗಿರುವ ಹಾಗೆ ನನ್ನ ಪಟ್ಟಿಯಲ್ಲಿ ರೈಸ್ ಮೊದಲು, ಹಟ್ಸನ್ ಎರಡನೆಯವರು, ಮಾಸ್ ಮೂರನೆಯವರು.