ಟಿಪ್ಪಣಿ: ತುರ್ತು ಪರಿಸ್ಥಿತಿ ಮತ್ತು ಹಾಡು

• ಅವಧಿ: 25 ಜೂನ್ 1975 – 21 ಮಾರ್ಚ್ 1977, ಸಂವಿಧಾನದ 352ನೇ ವಿಧಿ.

• ಕಿಶೋರ್ ಕುಮಾರ್: ಸರ್ಕಾರದ 20 ಅಂಶಗಳ ಕಾರ್ಯಕ್ರಮದ ಪ್ರಚಾರಕ್ಕೆ ಒಪ್ಪಲಿಲ್ಲ. 1976ರಲ್ಲಿ ಆಕಾಶವಾಣಿ, ದೂರದರ್ಶನದಲ್ಲಿ ಅವರ ಹಾಡುಗಳಿಗೆ ತಡೆ. ಆಗಿನ ವಾರ್ತಾ ಮತ್ತು ಪ್ರಸಾರ ಸಚಿವರು ವಿ.ಸಿ. ಶುಕ್ಲಾ.

• ಆಗ ಸಣ್ಣ ಊರುಗಳಿಗೆ ಹಾಡು ತಲುಪುತ್ತಿದ್ದುದು ಮುಖ್ಯವಾಗಿ ರೇಡಿಯೊದಿಂದ, ಅದು ಸರ್ಕಾರದ್ದೇ. ಆದ್ದರಿಂದ ಹಾಡು ತಡೆಯಲು ಒಂದು ಆದೇಶ ಸಾಕಾಯಿತು.

• ಕರ್ನಾಟಕ: ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಬಂಧಿತರಾಗಿದ್ದರು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ನಿಧನ.

• ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975): ದಲಿತ ಚಳವಳಿಯಲ್ಲಿ ಈ ಕವಿಯ ಹಾಡುಗಳು ಬಾಯಿಂದ ಬಾಯಿಗೆ ಹರಡಿದವು.

• ತುರ್ತು ಪರಿಸ್ಥಿತಿಯ ಅತಿರೇಕಗಳ ವಿಚಾರಣೆ: ಶಾ ಆಯೋಗ (1977).

ನೆನಪಿಡಿ: 19ನೇ ವಿಧಿಯ ವಾಕ್ ಸ್ವಾತಂತ್ರ್ಯದಲ್ಲಿ ಹಾಡುವ ಹಕ್ಕೂ ಸೇರಿದೆ.