ಗೆಳತಿಯರಿಗೆ ನಾನು ಹೊರೆಯಾದರೆ?

ಅಕ್ಕಾ, ನನಗೆ 38 ವರ್ಷ. ಊರು ಮುಂಡರಗಿ, ಗದಗಿನ ಬ್ಯಾಂಕೊಂದರಲ್ಲಿ ಕೆಲಸ. ಹಾಸ್ಟೆಲ್ ಕಾಲದ ನಾವು ಐವರು ಗೆಳತಿಯರು ಬೆಂಗಳೂರಿನಲ್ಲಿ ನಡೆಯುವ ಒಂದು ಮೋಜಿನ ಓಟಕ್ಕೆ ಹೆಸರು ಕೊಟ್ಟಿದ್ದೇವೆ. ಕೆಸರಲ್ಲಿ ತೆವಳಬೇಕು, ಗೋಡೆ ಹತ್ತಬೇಕು, ಹಗ್ಗ ಹಿಡಿದು ದಾಟಬೇಕು. ಎಲ್ಲರೂ ಒನಕೆ ಓಬವ್ವನ ವೇಷದಲ್ಲಿ ಕಚ್ಚೆ ಹಾಕಿ ಓಡುವುದೆಂದು ಮಾತಾಗಿದೆ. ನನಗೆ ಎತ್ತರ ಕಂಡರೆ ಕೈಕಾಲು ನಡುಗುತ್ತವೆ. ಮೈಯೂ ಭಾರ. ನನ್ನಿಂದ ಎಲ್ಲರೂ ಹಿಂದೆ ಬಿದ್ದರೆ? ಅತ್ತೆ ಬೇರೆ, ‘ಈ ವಯಸ್ಸಿನ್ಯಾಗ ರಾಡ್ಯಾಗ ಉಳ್ಳಾಡಾಕ ಬೆಂಗಳೂರಿಗೆ ಹೋಗಬೇಕೇನು?’ ಅಂತಾರೆ. ಜ್ವರ ಬಂತೆಂದು ಹೇಳಿ ತಪ್ಪಿಸಿಕೊಳ್ಳಲೇ?
– ಹೆಸರು ಬೇಡ, ಮುಂಡರಗಿ

ತಂಗೀ, ಜ್ವರದ ನೆಪ ಮಾತ್ರ ಹೇಳಬೇಡ. ಓಟದ ದಿನ ಗೆಳತಿಯರ ಕೆಸರು ಮೆತ್ತಿದ ಫೋಟೊಗಳು ಒಂದೊಂದಾಗಿ ನಿನ್ನ ಮೊಬೈಲಿಗೆ ಬರುವಾಗ, ಇಲ್ಲದ ಜ್ವರ ಹೊದ್ದು ಕೂತವಳ ಸಂಕಟ ಗೋಡೆಯ ಮೇಲಿನ ನಡುಕಕ್ಕಿಂತ ಹೆಚ್ಚು.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಎತ್ತರದ ಭಯ ನಿಜವೇ. ಆದರೆ ನಿನ್ನನ್ನು ಹೆಚ್ಚು ಕಾಡುತ್ತಿರುವುದು ಬೇರೆಯವರಿಗೆ ಹೊರೆಯಾಗುವ ಅಂಜಿಕೆ. ಪಂಚಮಿ ಜೋಕಾಲಿ ನೆನಪಿದೆಯಲ್ಲ? ನಮ್ಮ ಕಡೆ ಗಂಡುಮಕ್ಕಳು ಪಣ ಕಟ್ಟಿ ಲಿಂಬಿಹಣ್ಣು ಒಗೆಯುತ್ತ, ಚೀಲ ಹೊತ್ತು ಓಡುತ್ತ ಗೆಲುವು ಸೋಲು ಲೆಕ್ಕ ಹಾಕುತ್ತಿದ್ದರೆ, ನಾವು ಬೇವಿನ ಮರದ ಕೆಳಗೆ ಜೀಕುತ್ತಿದ್ದೆವು. ಹೆದರುವವಳು ಹಲಗೆಯ ಮೇಲೆ ಕೂತು ಎರಡೂ ಕೈಯಿಂದ ಹಗ್ಗ ಹಿಡಿಯುತ್ತಿದ್ದಳು, ಇನ್ನೊಬ್ಬಳು ಅವಳ ಅಕ್ಕಪಕ್ಕ ಪಾದವಿಟ್ಟು ನಿಂತು ಜೀಕುತ್ತಿದ್ದಳು. ಕೂತವಳನ್ನು ಯಾರೂ ಹೊರೆ ಎನ್ನಲಿಲ್ಲ. ಅತ್ತೆಯವರನ್ನೂ ಅವರ ಕಾಲದ ಜೋಕಾಲಿಯ ಬಗ್ಗೆ ಒಮ್ಮೆ ಕೇಳು, ವಾದಕ್ಕಲ್ಲ, ಕೇಳಬೇಕೆಂದೇ ಕೇಳು. ಕರಾವಳಿಯ ‘ಕೆಸರ್‌ಡೊಂಜಿ ದಿನ’ದಲ್ಲಿ ಮಳೆಗಾಲದ ಗದ್ದೆಗೆ ನಡುವಯಸ್ಸು ದಾಟಿದ ಹೆಂಗಸರೂ ಇಳಿದು ಹಗ್ಗ ಎಳೆಯುತ್ತಾರೆ ಎಂದೂ ಹೇಳು.

ಇಂಥ ಓಟಗಳ ರೀತಿಯಲ್ಲೇ ನಿನ್ನ ಅಂಜಿಕೆಗೆ ಉತ್ತರವಿದೆ. ಅಮೆರಿಕದಲ್ಲಿ 2010ರಲ್ಲಿ ಶುರುವಾದ ಟಫ್ ಮಡರ್‌ನಲ್ಲಿ, ನನ್ನ ಸಮಯಕ್ಕಿಂತ ಜೊತೆಯವರಿಗೆ ನೆರವಾಗುವುದೇ ಮೊದಲು ಎಂದು ಎಲ್ಲರೂ ಪ್ರತಿಜ್ಞೆ ಮಾಡಿ ಹೊರಡುತ್ತಾರೆ. ಕೆಲವು ಗೋಡೆಗಳನ್ನು ಒಬ್ಬರೇ ಹತ್ತುವುದು ಕಷ್ಟವಾಗುವಂತೆಯೇ ಕಟ್ಟಿರುತ್ತಾರೆ. ನಮ್ಮ ದೇಶದ ಡೆವಿಲ್ಸ್ ಸರ್ಕ್ಯೂಟ್ 5 ಕಿ.ಮೀ. ಓಟ, 15 ಅಡೆತಡೆ. ಅಲ್ಲಿ ಸಮಯ ನೋಡಿ ಓಡುವವರ ಗುಂಪೂ ಇದೆ, ಮೋಜಿಗೆ ಬಂದವರ ಗುಂಪೂ ಇದೆ. ನಿಮ್ಮ ಹೆಸರು ಯಾವ ಗುಂಪಿನಲ್ಲಿದೆ, ಆಗದ ಅಡೆತಡೆಯನ್ನು ಬಿಟ್ಟು ಪಕ್ಕದಿಂದ ಹೋಗಬಹುದೇ ಎಂದು ಈಗಲೇ ಕೇಳಿಕೊಳ್ಳಿ.

ಎತ್ತರದ ವಿಷಯಕ್ಕೆ ಬರುತ್ತೇನೆ. ಮಾಳಿಗೆಗೆ ಹಾಕುವ ಏಣಿಯನ್ನು ಗಟ್ಟಿಯಾಗಿ ನಿಲ್ಲಿಸಿ, ಕೆಳಗೆ ಒಬ್ಬರನ್ನು ಹಿಡಿಯಲು ಹೇಳು. ಮೊದಲ ದಿನ ಮೂರು ಮೆಟ್ಟಿಲು ಸಾಕು. ಎದೆ ಹೊಡೆದುಕೊಂಡ ಕೂಡಲೇ ಇಳಿಯಬೇಡ. ಇಳಿದರೆ ಭಯವೇ ಗೆದ್ದಿತೆಂದು ಮನಸ್ಸು ಕಲಿಯುತ್ತದೆ. ಉಸಿರನ್ನು ನಿಧಾನವಾಗಿ ಬಿಡುತ್ತ ಅಲ್ಲೇ ನಿಲ್ಲು. ಸ್ವಲ್ಪ ಹೊತ್ತಿಗೆ ನಡುಕ ತಾನಾಗಿ ಇಳಿಯುತ್ತದೆ, ಆಗ ನೀನು ಇಳಿ. ಆ ಮೆಟ್ಟಿಲು ಬೇಸರ ಬರಿಸಿದ ದಿನ ಮುಂದಿನದಕ್ಕೆ ಹೋಗು. ಓಟದ ಹೊತ್ತಿಗೆ ಭಯ ಪೂರ್ತಿ ಹೋಗದಿರಬಹುದು. ಅದರ ಜೊತೆಗೇ ನಾಲ್ಕು ಮೆಟ್ಟಿಲು ಹತ್ತಬಲ್ಲೆ ಎಂಬುದು ಕಾಲಿಗೆ ಗೊತ್ತಾದರೆ ಸಾಕು.

ಮೈಭಾರಕ್ಕೆ ಹೆದರಿ ಊಟ ಬಿಡಬೇಡ. ಕೆಲಸ ಮುಗಿದ ಮೇಲೆ ಗದಗಿನ ಭೀಷ್ಮ ಕೆರೆಯ ಹತ್ತಿರ ಬಿರುಸಾಗಿ ನಡೆ, ನಡುನಡುವೆ ನೂರು ಹೆಜ್ಜೆ ಓಡು. ಕೆಸರಿನ ಪಾಠ ನಿನಗೆ ಬೇಕಿಲ್ಲ. ಮಳೆ ಬಿದ್ದ ಎರಿ ಹೊಲದಲ್ಲಿ ಚಪ್ಪಲಿಗೆ ಮಣ್ಣು ಅಂಟಿ ಅಂಟಿ ಹೆಜ್ಜೆಗೊಂದು ಸೇರು ಭಾರವಾಗುವುದನ್ನು ಕಂಡವಳು ನೀನು. ಸಣ್ಣ ಹೆಜ್ಜೆ ಇಡಬೇಕೆಂದು ಗೆಳತಿಯರಿಗೆ ನೀನೇ ಹೇಳಿಕೊಡು. ಬಿ.ಪಿ., ಹೃದಯ, ಮಂಡಿಯ ತೊಂದರೆ ಏನಾದರೂ ಇದ್ದರೆ ಮೊದಲು ಡಾಕ್ಟರಿಗೆ ತೋರಿಸು. ಕಾಲಲ್ಲಿ ಹಸಿ ಗಾಯವಿದ್ದರೆ ಕೆಸರಿಗೆ ಇಳಿಯಲೇಬೇಡ. ಕೊಳಕು ನೀರಿನಿಂದ ಇಲಿಜ್ವರ ಬರಬಹುದು.

ವೇಷದ ಬಗ್ಗೆ ಮಾತ್ರ ನನಗೆ ತಕರಾರಿದೆ. ನೂಲಿನ ಸೀರೆ ನೆನೆದರೆ ಕಾಲಿಗೆ ಸುತ್ತಿಕೊಂಡು ಎಳೆಯುತ್ತದೆ. ಬೆಟಗೇರಿ ಮಗ್ಗದ ಒಳ್ಳೆಯ ಸೀರೆಯನ್ನು ಕೆಸರಿಗೆ ಹಾಕಬೇಡಿರಿ. ಮೈಗಂಟುವ ಪ್ಯಾಂಟಿನ ಮೇಲೆ ಬೇಗ ಒಣಗುವ ಬಟ್ಟೆಯ ಗಿಡ್ಡ ಕಚ್ಚೆ ಸಾಕು. ಒನಕೆ ಫೋಟೊಕ್ಕೆ ಇರಲಿ, ಓಡುವಾಗ ಎರಡೂ ಕೈ ಖಾಲಿ ಬೇಕು. ಗಾಜಿನ ಬಳೆ ತೆಗೆದಿಡು. ತೆವಳುವಾಗ ತಾಳಿಸರ ಮೇಲಿನ ಬಲೆಗೆ ಸಿಕ್ಕರೆ ಕುತ್ತಿಗೆಗೇ ಅಪಾಯ. ಅದನ್ನು ಆ ಹೊತ್ತಿಗೆ ತೆಗೆದಿಡುವುದು ನಿನ್ನ ಮನಸ್ಸಿಗೆ ಒಗ್ಗದಿದ್ದರೆ, ಬಿಗಿಯಾದ ಅಂಗಿಯ ಒಳಗೆ ಸೇರಿಸಿ ಹೊಲಿದುಬಿಡು.

ಇವತ್ತು ರಾತ್ರಿ ಗೆಳತಿಯರ ವಾಟ್ಸಾಪ್ ಗುಂಪಿಗೆ ಹೀಗೆ ಬರೆ: ‘ನನಗ ಎತ್ತರ ಅಂದ್ರ ಅಂಜಿಕಿ ಐತಿ. ಬಲಿ ಕೆಳಗ ತೆವಳ್ತೀನಿ, ರಾಡಿ ದಾಟ್ತೀನಿ. ಗ್ವಾಡಿ ಹತ್ರ ನನ್ನ ಜೋಡಿ ಯಾರು ನಿಲ್ತೀರಿ?’ ಮೊದಲು ಉತ್ತರ ಬರೆದವಳು ಯಾರೆಂದು ನನಗೂ ತಿಳಿಸು.